ಕೂದಲಿಲ್ಲದ ರಾಗಿಯ ಮೈತುಂಬ ಗುಳ್ಳೆ: ನಾಯಿಗಳ ಚರ್ಮದ ಡಾಕ್ಟರ ಹತ್ತಿರ ನಮ್ಮ ಹತ್ತು ತಿಂಗಳು

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಯಾಕೆ ಕಳೆದೆ ಅಂತ ಕೆಳಗೆ ಹೇಳುತ್ತೇನೆ, ಚಿಕಿತ್ಸೆಗೆ ಮಾತ್ರ ಕೊಡುವುದಾದರೆ ಐದಕ್ಕೆ ಐದೇ. ಕ್ಲಿನಿಕ್ ಇರುವುದು ಅಮೆರಿಕದ ಅರಿಜೋನಾದಲ್ಲಿ, ಚಾಂಡ್ಲರ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಅವರು ಕೆಲಸ ಮಾಡಿದ ರೀತಿಯ ಬಗ್ಗೆ. ಯಾವ ಊರಿನಲ್ಲಿದ್ದರೂ ನಿಮ್ಮ ನಾಯಿಗೆ ಚರ್ಮದ ತೊಂದರೆ ಬಂದರೆ ಇದನ್ನೇ ಕೇಳಿ ಪಡೆಯಿರಿ ಅಂತ ಬರೆಯುತ್ತಿದ್ದೇನೆ.

ನಮ್ಮ ನಾಯಿ ರಾಗಿ ಶೋಲೋ ಜಾತಿಯವಳು. ಪೂರ್ತಿ ಹೆಸರು ಶೋಲೋಇಟ್ಸ್‌ಕ್ವಿಂಟ್ಲಿ. ಮೆಕ್ಸಿಕೋದ ಬಹಳ ಹಳೆಯ ನಾಯಿ, ಅಲ್ಲಿನ ಅಜ್‌ಟೆಕ್ ಜನರ ಶೋಲೋಟ್ಲ್ ದೇವರ ಹೆಸರಿನಿಂದ ಬಂದದ್ದು. ಮೈಮೇಲೆ ಕೂದಲೇ ಇಲ್ಲ, ನೆತ್ತಿಯ ಮೇಲೆ ಒಂದು ಚಿಕ್ಕ ಜುಟ್ಟು, ಬಾಲದ ತುದಿಗೆ ನಾಲ್ಕು ಎಳೆ. ಮೈ ಬಣ್ಣ ಆಗತಾನೇ ತಟ್ಟೆಗೆ ಹಾಕಿದ ಮುದ್ದೆಯ ಹಾಗೆ, ಅದಕ್ಕೇ ಅಮ್ಮ ವಿಡಿಯೋ ಕಾಲ್‌ನಲ್ಲೇ ಆ ಹೆಸರಿಟ್ಟರು. ಈಗ ಮೂರು ವರ್ಷ, ಒಂಬತ್ತು ಕೆಜಿ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಬೆನ್ನ ಮೇಲೆ ಸಣ್ಣ ಸಣ್ಣ ಗುಳ್ಳೆ ಶುರುವಾಯಿತು. ಮೊದಲು ಬೆವರುಸಾಲೆ ಇರಬಹುದು ಅಂದುಕೊಂಡೆವು. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ ಅನ್ನುವುದೂ ಆಗ ತಲೆಗೆ ಹೊಳೆಯಲಿಲ್ಲ. ಎರಡು ವಾರದಲ್ಲಿ ಕಂಕುಳು, ತೊಡೆಸಂದು, ಹೊಟ್ಟೆಯ ಕೆಳಗೆ ಎಲ್ಲಾ ಹರಡಿತು. ಕೆಲವದರ ತುದಿಯಲ್ಲಿ ಕೀವು. ಒಡೆದ ಮೇಲೆ ಸುತ್ತ ಬಿಳಿ ಹೊಟ್ಟಿನ ಬಳೆ. ರಾತ್ರಿ ಮಂಚದ ಪಕ್ಕದಲ್ಲಿ ಕೆರೆದುಕೊಳ್ಳುವ ಸದ್ದು ಕೇಳಿ ಕೇಳಿ ನನಗೂ ನನ್ನ ಗಂಡನಿಗೂ ನಿದ್ದೆ ಇಲ್ಲ.

ಮೊದಲು ಹೋದದ್ದು ಮನೆ ಹತ್ತಿರದ ಮಾಮೂಲಿ ಪಶುವೈದ್ಯರ ಹತ್ತಿರ. ಒಳ್ಳೆಯವರೇ, ಪ್ರೀತಿಯಿಂದ ಮಾತಾಡಿಸುತ್ತಾರೆ. ಆದರೆ ದೂರದಿಂದ ನೋಡಿ "ಅಲರ್ಜಿ" ಅಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ನಾಲ್ಕೇ ದಿನದಲ್ಲಿ ಮೈ ತಿಳಿಯಾಯಿತು, ನಮಗೆ ಹಬ್ಬ. ಐದು ವಾರಕ್ಕೆ ಮತ್ತೆ ಬಂತು, ಮತ್ತೆ ಇಂಜೆಕ್ಷನ್. ಮೂರನೇ ಸಲ ಜೊತೆಗೆ ಹತ್ತು ದಿನದ ಆಂಟಿಬಯೋಟಿಕ್. ಅಷ್ಟರಲ್ಲಿ ಅವಳು ಬಕೆಟ್‌ಗಟ್ಟಲೆ ನೀರು ಕುಡಿಯುತ್ತಿದ್ದಳು, ಎಷ್ಟು ತಿಂದರೂ ಹಸಿವು, ರಾತ್ರಿ ಎರಡು ಸಲ ಉಚ್ಚೆಗೆ ಎಬ್ಬಿಸುತ್ತಿದ್ದಳು, ಎಲ್ಲಾ ಸ್ಟೀರಾಯ್ಡ್‌ನ ಅಡ್ಡಪರಿಣಾಮ. ಬೆನ್ನ ತುಂಬ ಬ್ಲ್ಯಾಕ್‌ಹೆಡ್ ಬೇರೆ. ಒಂದು ಸಲವಾದರೂ ಚರ್ಮದಿಂದ ಏನನ್ನಾದರೂ ತೆಗೆದು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಲಿಲ್ಲ. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ನಾಲ್ಕು ತಿಂಗಳು ಹೀಗೇ ಹೋಯಿತು, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜೂನ್‌ನಲ್ಲಿ ಅಮ್ಮ ಹಾಸನದಿಂದ ಬಂದರು. ಬಂದ ದಿನವೇ ರಾಗಿಯ ಮೈ ಮುಟ್ಟಿ, "ಅಯ್ಯೋ ಕೂಸಿಗೆ ಜ್ವರ ಕಣೇ, ಕೆಂಡದ ಹಾಗೆ ಸುಡ್ತಿದೆ" ಅಂದರು. ಜ್ವರ ಇರಲಿಲ್ಲ. ನಾಯಿಯ ಮೈ ನಮಗಿಂತ ಬಿಸಿ, 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ತನಕ ಮಾಮೂಲಿ. ಬೇರೆ ನಾಯಿಗಳಲ್ಲಿ ಕೂದಲು ಅಡ್ಡ ಇರುವುದರಿಂದ ಕೈಗೆ ಗೊತ್ತಾಗುವುದಿಲ್ಲ ಅಷ್ಟೇ. ಮೆಕ್ಸಿಕೋದಲ್ಲಿ ಕೀಲುನೋವಿನವರು ಈ ನಾಯಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ಶಾಖ ತೆಗೆದುಕೊಳ್ಳುತ್ತಿದ್ದರಂತೆ. ಅಮ್ಮ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ದಿನಾ ಸಂಜೆ ಹಚ್ಚಿದರು. ನಮಗೆಲ್ಲ ಚಿಕ್ಕವರಿದ್ದಾಗ ಹಚ್ಚಿದ್ದು ಅದನ್ನೇ, ವಾಸಿಯೂ ಆಗಿತ್ತು. ರಾಗಿಗೆ ಮಾತ್ರ ಗುಳ್ಳೆ ಇನ್ನೂ ಜಾಸ್ತಿಯಾಯಿತು.

ಕೊನೆಗೆ ಗೆಳತಿಯೊಬ್ಬಳು, ನಾಯಿಗಳ ಚರ್ಮಕ್ಕೇ ಬೇರೆ ಸ್ಪೆಷಲಿಸ್ಟ್ ಇರ್ತಾರೆ ಕಣೇ ಅಂದಳು. ಇಲ್ಲಿ ಅದಕ್ಕೆ ಅಮೆರಿಕನ್ ಕಾಲೇಜ್ ಆಫ್ ವೆಟರ್ನರಿ ಡರ್ಮಟಾಲಜಿ ಅಂತ ಸಂಸ್ಥೆ ಇದೆ, ಪಶುವೈದ್ಯ ಓದಿದ ಮೇಲೆ ಮತ್ತೆ ಕೆಲವು ವರ್ಷ ತರಬೇತಿ ಪಡೆದು ಅವರ ಪರೀಕ್ಷೆ ಪಾಸು ಮಾಡಿದವರು ಮಾತ್ರ ಹಾಗೆ ಹೇಳಿಕೊಳ್ಳಬಹುದು. ಅಪಾಯಿಂಟ್‌ಮೆಂಟ್ ಸಿಗಲು ಆರು ವಾರ ಕಾಯಬೇಕಾಯಿತು. ಸೆಪ್ಟೆಂಬರ್ ಮೊದಲ ವಾರ ಹೋದೆವು.

ಆ ಮೊದಲ ಭೇಟಿಯ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಒಂದೂವರೆ ಗಂಟೆ. ಮೊದಲ ಅರ್ಧ ಗಂಟೆ ಡಾಕ್ಟರ್ ನಾಯಿಯನ್ನು ಮುಟ್ಟಲೇ ಇಲ್ಲ, ಬರೀ ಪ್ರಶ್ನೆ. ಮೊದಲು ಬಂದದ್ದು ಗುಳ್ಳೆಯೋ ತುರಿಕೆಯೋ? ಯಾವ ತಿಂಗಳು? ಹುಲ್ಲಿನ ಮೇಲೆ ಮಲಗುತ್ತಾಳಾ? ಬಿಸಿಲಿಗೆ ಹೊಟ್ಟೆ ಮೇಲೆ ಮಾಡಿ ಮಲಗುವ ಅಭ್ಯಾಸ ಇದೆಯಾ? ಮೈಗೆ ಏನೇನು ಹಚ್ಚಿದ್ದೀರಿ? ಮನೆಯಲ್ಲಿ ಬೇರೆ ಯಾರಿಗಾದರೂ ಕಜ್ಜಿ ಇದೆಯಾ? ಅಮ್ಮ ಎಣ್ಣೆಯ ವಿಷಯ ಹೇಳಲು ಹಿಂದೆಮುಂದೆ ನೋಡಿದರು, ನಾನೇ ಹೇಳಿದೆ. ಡಾಕ್ಟರ್ ಒಂದು ಮಾತು ಬೈಯಲಿಲ್ಲ. ಕಾಗದದ ಮೇಲೆ ಚರ್ಮದ ಚಿತ್ರ ಬರೆದು ತೋರಿಸಿದರು.

ಶೋಲೋ, ಚೈನೀಸ್ ಕ್ರೆಸ್ಟೆಡ್, ಪೆರು ದೇಶದ ಕೂದಲಿಲ್ಲದ ನಾಯಿ, ಈ ಮೂರಕ್ಕೂ ಕಾರಣ ಒಂದೇ ಜೀನ್. ಹೆಸರು ಫಾಕ್ಸ್‌ಐ3, ಕಂಡುಹಿಡಿದದ್ದು 2008ರಲ್ಲಿ. ಕೂದಲನ್ನೂ ಹಲ್ಲನ್ನೂ ರೂಪಿಸುವ ಜೀನ್ ಅದು, ಅದಕ್ಕೇ ಇವುಗಳಿಗೆ ಹಲ್ಲೂ ಕಡಿಮೆ. ಅಮೆರಿಕನ್ ಹೇರ್‌ಲೆಸ್ ಟೆರಿಯರ್ ಕಥೆ ಬೇರೆ, ಅದರ ಜೀನೇ ಬೇರೆ, ಹಲ್ಲು ಪೂರ್ತಿ ಇರುತ್ತದೆ. ಕೂದಲಿಲ್ಲ ಅಂದರೆ ಕೂದಲಿನ ಬುಡವೂ ಇಲ್ಲ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಬುಡದ ಚೀಲ ಅರೆಬರೆಯಾಗಿ ಬೆಳೆದು ಚರ್ಮದೊಳಗೇ ಇರುತ್ತದೆ. ಕೂದಲು ಹೊರಗೆ ಬರದೆ ಸತ್ತ ಚರ್ಮ, ಎಣ್ಣೆಯ ಅಂಶ ಎಲ್ಲಾ ಒಳಗೇ ಗಟ್ಟಿಯಾಗಿ ಬ್ಲ್ಯಾಕ್‌ಹೆಡ್ ಆಗುತ್ತದೆ. ಅದು ಒಳಗೊಳಗೇ ಒಡೆದರೆ ದೇಹ ಅದನ್ನು ಚುಚ್ಚಿದ ಮುಳ್ಳಿನ ಹಾಗೆ ನೋಡುತ್ತದೆ, ಸುತ್ತ ಊದಿಕೊಂಡು ಗುಳ್ಳೆ ಬರುತ್ತದೆ. ಮೇಲಿನಿಂದ ಕೊಬ್ಬರಿ ಎಣ್ಣೆ ಮೆತ್ತಿದರೆ ಮುಚ್ಚಿದ ರಂಧ್ರ ಇನ್ನೂ ಮುಚ್ಚುತ್ತದೆ. ಜೊತೆಗೆ ನಾಯಿ ಚರ್ಮದಲ್ಲಿರುವ ಮಲಸೇಜಿಯಾ ಅನ್ನುವ ಯೀಸ್ಟ್‌ಗೆ ಜಿಡ್ಡೇ ಊಟ. ನಾನು ಕನ್ನಡದಲ್ಲಿ ಹೇಳಿದ ಮೇಲೆ ಅಮ್ಮ, "ಗೊತ್ತಿಲ್ದೆ ಮಾಡಿದೆ ಕಂದಾ" ಅಂತ ರಾಗಿಯ ತಲೆ ನೇವರಿಸಿದರು.

ಆಮೇಲೆ ಪರೀಕ್ಷೆ. ಕೀವು ತುಂಬಿದ ಗುಳ್ಳೆ, ಹೊಟ್ಟಿನ ಬಳೆ, ಕಾಲ್ಬೆರಳಿನ ಸಂದು, ಮೂರು ಕಡೆ ಸೆಲ್ಲೋಟೇಪ್ ಒತ್ತಿ ತೆಗೆದು, ಬಣ್ಣ ಹಾಕಿ ಮೈಕ್ರೋಸ್ಕೋಪ್ ಕೆಳಗಿಟ್ಟರು. ಆಮೇಲೆ ಬ್ಲೇಡಿಗೆ ಎಣ್ಣೆ ಸವರಿ, ಚರ್ಮವನ್ನು ಹಿಂಡಿ ಹಿಡಿದು, ಚೂರೇ ಚೂರು ರಕ್ತ ಜಿನುಗುವ ತನಕ ಐದು ಕಡೆ ಕೆರೆದರು. ನೋಡಲು ಕಷ್ಟ, ಆದರೆ ರಾಗಿ ಅಷ್ಟೇನೂ ಅತ್ತಿಲ್ಲ. ಕೂದಲಿನ ಬುಡದಲ್ಲಿ ಅಡಗುವ ಡೆಮೊಡೆಕ್ಸ್ ನುಸಿ ಹುಡುಕಲು ಇದು. ಬೇರೆ ನಾಯಿಗಳಲ್ಲಿ ನಾಲ್ಕು ಕೂದಲು ಕಿತ್ತು ಬುಡ ನೋಡಬಹುದು, ಇವಳಲ್ಲಿ ಕೀಳಲು ಕೂದಲೇ ಇಲ್ಲವಲ್ಲ, ಹಾಗಾಗಿ ಆಳವಾಗಿ ಕೆರೆಯಲೇಬೇಕು. ಆ ನುಸಿ ಇದ್ದಾಗ ಸ್ಟೀರಾಯ್ಡ್ ಕೊಟ್ಟರೆ ರೋಗ ಕೈಮೀರಿ ಹೋಗುತ್ತದೆ ಅಂದಾಗ ನನ್ನ ಎದೆ ಧಸಕ್ಕೆಂದಿತು. ಸದ್ಯ, ಒಂದೂ ಸಿಗಲಿಲ್ಲ.

ಇನ್ನೊಂದು ವಿಷಯ ಅರಿಜೋನಾದವರಿಗೆ ಮುಖ್ಯ. ಇಲ್ಲಿನ ಮಣ್ಣಿನಲ್ಲಿ ವ್ಯಾಲಿ ಫೀವರ್ ತರುವ ಫಂಗಸ್ ಇದೆ, ಧೂಳಿನ ಜೊತೆ ಮೂಗಿಗೆ ಹೋಗುತ್ತದೆ, ನಾಯಿಗಳಿಗೂ ಬರುತ್ತದೆ. ಕೆಲವು ನಾಯಿಗಳಲ್ಲಿ ವಾಸಿಯಾಗದ ಹುಣ್ಣಾಗಿ ಚರ್ಮದಲ್ಲೂ ಕಾಣಿಸಿಕೊಳ್ಳುತ್ತದೆ. ಅದು ಒಳಗಿದ್ದರೆ ಸ್ಟೀರಾಯ್ಡ್‌ನಿಂದ ಹರಡಬಹುದು. ಈ ಊರಿನಲ್ಲಿ ಮೂರು ಸಲ ಇಂಜೆಕ್ಷನ್ ಚುಚ್ಚುವ ಮೊದಲು ಯಾರೂ ಅದನ್ನು ಯೋಚಿಸಲಿಲ್ಲ. ಇವರು ಅವತ್ತೇ ರಕ್ತ ತೆಗೆದು ಕಳಿಸಿದರು. ನೆಗೆಟಿವ್ ಬಂತು.

ಟೇಪ್‌ನಲ್ಲಿ ಸಿಕ್ಕಿದ್ದನ್ನು ನಮಗೂ ಪರದೆ ಮೇಲೆ ತೋರಿಸಿದರು. ಸಾಸಿವೆ ಕಾಳಿನ ಗೊಂಚಲಿನ ಹಾಗೆ ದುಂಡು ಬ್ಯಾಕ್ಟೀರಿಯಾ, ಅದರಲ್ಲಿ ಕೆಲವು ಬಿಳಿ ರಕ್ತಕಣದ ಹೊಟ್ಟೆಯೊಳಗೇ ಕಂಡವು. ಮೇಲೆ ಸುಮ್ನೆ ಕೂತಿರುವ ಬ್ಯಾಕ್ಟೀರಿಯಾ ಆದರೆ ಹಾಗೆ ಕಾಣುವುದಿಲ್ಲ, ದೇಹ ಹೋರಾಡುತ್ತಿದೆ ಅನ್ನುವುದಕ್ಕೆ ಅದೇ ಸಾಕ್ಷಿ ಅಂದರು. ಕಾಲ್ಬೆರಳ ಸಂದಿನಲ್ಲಿ ಯೀಸ್ಟ್. ಅಂದರೆ ಕೂದಲಿನ ಚೀಲಕ್ಕೆ ಬ್ಯಾಕ್ಟೀರಿಯಾ ಸೋಂಕು, ಬೆರಳಿಗೆ ಯೀಸ್ಟ್, ಇವೆರಡಕ್ಕೂ ಜಾಗ ಮಾಡಿಕೊಟ್ಟ ಮೂಲ ಕಾರಣ ಇನ್ನೂ ಗೊತ್ತಿಲ್ಲ. ಹೊಸ ಬ್ಲ್ಯಾಕ್‌ಹೆಡ್‌ಗಳಿಗೆ ಸ್ಟೀರಾಯ್ಡ್ ಕೂಡ ಕಾರಣ ಇರಬಹುದು ಅಂದರು. "ಮೊದಲು ಸೋಂಕು ತೆಗೆಯೋಣ, ಆಮೇಲೆ ಎಷ್ಟು ತುರಿಕೆ ಉಳಿಯುತ್ತದೋ ನೋಡೋಣ." ಇಷ್ಟು ತಿಂಗಳಲ್ಲಿ ಮೊದಲ ಸಲ ಯಾರೋ ಒಂದು ದಾರಿ ತೋರಿಸಿದ ಹಾಗಾಯಿತು.

ರಾಗಿಯಂಥ ಕಪ್ಪು ಚರ್ಮದ ನಾಯಿಯಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ ಅಂತಲೂ ಹೇಳಿಕೊಟ್ಟರು. ಕೈಯಿಂದ ನೋಡಬೇಕು. ಸುತ್ತಲಿಗಿಂತ ಬಿಸಿ ಇದೆಯಾ, ದಪ್ಪ ಆಗಿದೆಯಾ, ಜಿಡ್ಡು ಜಿಡ್ಡಾಗಿದೆಯಾ. ಆವತ್ತಿನಿಂದ ದಿನಾ ರಾತ್ರಿ ಐದು ನಿಮಿಷ ಅವಳ ಮೈಯೆಲ್ಲಾ ಅಂಗೈಯಿಂದ ಸವರಿ ನೋಡುತ್ತೇನೆ.

ಕೊಟ್ಟ ಔಷಧಿ ನೋಡಿ ಆಶ್ಚರ್ಯವಾಯಿತು. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಶೇಕಡಾ 3ರ ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕುನಾಶಕದ ಶಾಂಪೂ ವಾರಕ್ಕೆ ಎರಡು ಸಲ, ಅದೇ ಔಷಧಿಯ ನೊರೆ ಉಳಿದ ದಿನ. ಕೂದಲಿಲ್ಲದ ನಾಯಿಗೆ ಇದೊಂದು ಅನುಕೂಲ, ಹಚ್ಚಿದ್ದೆಲ್ಲ ನೇರ ಚರ್ಮಕ್ಕೇ ತಲುಪುತ್ತದೆ. ಕೀವನ್ನು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡಲು, ಕಳಿಸಿದ್ದರು, ಈ ಮೊದಲು ಒಂದು ಕೋರ್ಸ್ ಆಂಟಿಬಯೋಟಿಕ್ ಆಗಿದ್ದರಿಂದ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತೆ ಆಗಿರಬಹುದು ಅನ್ನುವ ಭಯಕ್ಕೆ. ಮಾತ್ರೆ ಬೇಕಾಗಲೇ ಇಲ್ಲ.

ಶಾಂಪೂ ಬಗ್ಗೆ ಬರೆಯಲೇಬೇಕು, ಯಾಕೆಂದರೆ ಇದರಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ಹಚ್ಚಿ ಹತ್ತು ನಿಮಿಷ ಬಿಡಬೇಕು. ಅಂದಾಜಲ್ಲ, ಗಡಿಯಾರ ನೋಡಿ ಹತ್ತು ನಿಮಿಷ. ಕಣ್ಣಿಗೆ ಒಂದು ಹನಿಯೂ ಹೋಗಬಾರದು, ಕಣ್ಣು ಹಾಳಾಗುತ್ತದೆ. ಉಗುರುಬೆಚ್ಚಗಿನ ನೀರು, ಒರೆಸುವಾಗ ಉಜ್ಜದೆ ಬಟ್ಟೆ ಒತ್ತಿ ತೆಗೆಯಬೇಕು. ಹಬ್ಬದ ದಿನ ಎಣ್ಣೆ ಹಚ್ಚಿ ಮಣೆ ಮೇಲೆ ಕೂರಿಸಿದ ಮಗುವಿನ ಹಾಗೆ ರಾಗಿ ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಿದ್ದಳು, ಅಮ್ಮ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂತು ಊರಿನ ಸುದ್ದಿಯೆಲ್ಲ ಅವಳಿಗೆ ಹೇಳುತ್ತಿದ್ದರು. ಮೂರು ವಾರಕ್ಕೆ ಕೀವು ಪೂರ್ತಿ ಹೋಯಿತು. ಬೆನ್ನಿನ ಬ್ಲ್ಯಾಕ್‌ಹೆಡ್‌ಗೆ ಹದಿನೈದು ದಿನಕ್ಕೊಮ್ಮೆ ಶೇಕಡಾ 2.5ರ ಬೆಂಜಾಯಿಲ್ ಪೆರಾಕ್ಸೈಡ್ ಶಾಂಪೂ. ಅದು ಬಟ್ಟೆಯ ಬಣ್ಣ ತಿನ್ನುತ್ತದೆ, ಹಳೇ ಬಿಳಿ ಟವೆಲ್ ಇಟ್ಟುಕೊಳ್ಳಿ. ಚರ್ಮವನ್ನೂ ಒಣಗಿಸುತ್ತದೆ, ಹಾಗಾಗಿ ಜಾಸ್ತಿ ಬೇಡ.

ಸೋಂಕು ಹೋದರೂ ತುರಿಕೆ ಅರ್ಧ ಉಳಿಯಿತು. ಪಾದ, ಕಂಕುಳು, ಹೊಟ್ಟೆ. ಆಗ ಊಟದ ಪರೀಕ್ಷೆ. ಎಂಟು ವಾರ ಹೈಡ್ರೊಲೈಸ್ಡ್ ಆಹಾರ ಮಾತ್ರ, ಅಂದರೆ ಪ್ರೋಟೀನನ್ನು ಅಲರ್ಜಿ ಗುರುತು ಹಿಡಿಯಲಾರದಷ್ಟು ಸಣ್ಣ ಚೂರು ಮಾಡಿದ ಆಹಾರ. ಹಲ್ಲು ಕಡಿಮೆ ಇರುವುದರಿಂದ ಬಿಸಿನೀರಿನಲ್ಲಿ ನೆನೆಸಿ ಕೊಡುತ್ತಿದ್ದೆವು. ಇದಕ್ಕೆ ರಕ್ತಪರೀಕ್ಷೆ ಸಾಲದಾ ಅಂತ ನನ್ನ ಗಂಡ ಕೇಳಿದರು. ಊಟದ ಅಲರ್ಜಿಯನ್ನು ರಕ್ತದಲ್ಲಿ ನಂಬಿಕೆಯಿಂದ ಹೇಳಲು ಆಗುವುದಿಲ್ಲ, ಊಟ ಬದಲಿಸಿ ನೋಡುವುದೊಂದೇ ದಾರಿ ಅಂದರು. ಬಹಳ ಕಷ್ಟದ ಎಂಟು ವಾರ. ನಮ್ಮ ತಟ್ಟೆಯಿಂದ ಒಂದು ತುತ್ತು ಮೊಸರನ್ನವೂ ಕೊಡುವ ಹಾಗಿಲ್ಲ. ಅಮ್ಮನಿಗೆ ರಾಗಿಯನ್ನು ಬಿಟ್ಟು ಊಟ ಮಾಡುವುದು ಆಗುತ್ತಿರಲಿಲ್ಲ, ಅವಳನ್ನು ಬೇರೆ ಕೋಣೆಗೆ ಕಳಿಸಿ ತಾವೂ ಬೇಗ ಬೇಗ ತಿಂದು ಏಳುತ್ತಿದ್ದರು. ತುರಿಕೆಯಲ್ಲಿ ಒಂದು ಚೂರೂ ವ್ಯತ್ಯಾಸ ಆಗಲಿಲ್ಲ. ಕಾರಣ ಊಟ ಅಲ್ಲ ಅಂತ ಖಚಿತವಾಯಿತು, ಉಳಿದದ್ದು ಪರಾಗ, ಧೂಳಿನಂಥ ಸುತ್ತಲಿನ ವಸ್ತುಗಳ ಅಲರ್ಜಿ.

ಡಿಸೆಂಬರ್‌ನಲ್ಲಿ ಸೈಟೊಪಾಯಿಂಟ್ ಇಂಜೆಕ್ಷನ್. ಇದು ಸ್ಟೀರಾಯ್ಡ್ ಅಲ್ಲ. ನಾಯಿಗೆ ತುರಿಕೆಯ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್ 31 ಅನ್ನುವ ಒಂದೇ ಒಂದು ವಸ್ತುವನ್ನು ಹಿಡಿದು ನಿಲ್ಲಿಸುವ ಆಂಟಿಬಾಡಿ. ನಾಲ್ಕರಿಂದ ಎಂಟು ವಾರ ಕೆಲಸ ಮಾಡುತ್ತದೆ. ತುರಿಕೆಗೆ ಕೊಡುವ ಅಪೋಕ್ವೆಲ್ ಮಾತ್ರೆ ಯಾಕೆ ಬೇಡ ಅಂತ ಕೇಳಿದೆ, ನಾಯಿ ಸಾಕಿದವರೆಲ್ಲ ಅದನ್ನೇ ಹೇಳುತ್ತಾರಲ್ವಾ. ಅದೂ ಒಳ್ಳೆಯ ಔಷಧಿಯೇ, ಬೇಗ ಹಿಡಿಯುತ್ತದೆ, ಆದರೆ ಗಂಭೀರ ಸೋಂಕು ಇರುವ ನಾಯಿಗೆ ಕೊಡಬಾರದು, ಡೆಮೊಡೆಕ್ಸ್‌ಗೂ ದಾರಿ ಮಾಡಬಹುದು ಅಂತ ಅದರ ಲೇಬಲ್ಲಿನಲ್ಲೇ ಇದೆ, ಆಗತಾನೇ ಸೋಂಕಿನಿಂದ ಎದ್ದ, ವ್ಯಾಲಿ ಫೀವರ್ ಇರುವ ಊರಿನ ನಾಯಿಗೆ ಸೈಟೊಪಾಯಿಂಟೇ ಮೊದಲ ಆಯ್ಕೆ ಆಗಲಿ ಅಂದರು. ಎರಡನೇ ರಾತ್ರಿ ಕೆರೆಯುವ ಸದ್ದು ಇಲ್ಲ. ನಾನು ಎದ್ದು ಹೋಗಿ ಉಸಿರಾಡುತ್ತಿದ್ದಾಳಾ ಅಂತ ನೋಡಿ ಬಂದೆ. ಅಷ್ಟು ಸದ್ದಿಲ್ಲದೆ ಮಲಗಿದ್ದಳು.

ಫೆಬ್ರವರಿಯಲ್ಲಿ ಚರ್ಮದ ಅಲರ್ಜಿ ಟೆಸ್ಟ್. ಸ್ವಲ್ಪ ಮಂಪರು ಬರಿಸಿ, ಪಕ್ಕೆಯ ಮೇಲೆ ಸಾಲಾಗಿ ಸಣ್ಣ ಸಣ್ಣ ಸೂಜಿಯಲ್ಲಿ ಹುಲ್ಲು, ಮರದ ಪರಾಗ, ಧೂಳುನುಸಿ ಎಲ್ಲದರ ಸಾರವನ್ನು ಚುಚ್ಚಿ, ಕಾಲು ಗಂಟೆ ಬಿಟ್ಟು ಎಲ್ಲಿ ದದ್ದು ಏಳುತ್ತದೆ ನೋಡುತ್ತಾರೆ. ಬೇರೆ ನಾಯಿಗಳಿಗೆ ಅಂಗೈಯಗಲ ಕೂದಲು ಬೋಳಿಸಬೇಕು, ಇವಳಿಗೆ ಏನೂ ಬೇಕಾಗಲಿಲ್ಲ. ಕಪ್ಪು ಚರ್ಮದಲ್ಲಿ ಕೆಂಪು ಕಾಣದಿರುವುದರಿಂದ ಡಾಕ್ಟರ್ ಕಣ್ಣಿಗಿಂತ ಬೆರಳಿಂದಲೇ ಮುಟ್ಟಿ ಮುಟ್ಟಿ ಓದಿದರು. ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಕನಿಷ್ಠ ನಾಲ್ಕು ವಾರ ಬಿಟ್ಟೇ ಈ ಟೆಸ್ಟ್ ಮಾಡಬೇಕು, ಇಲ್ಲದಿದ್ದರೆ ದದ್ದು ಏಳುವುದೇ ಇಲ್ಲ. ಜೋರಾಗಿ ಎದ್ದದ್ದು ಎರಡು: ಬರ್ಮುಡಾ ಹುಲ್ಲು, ಮೆಸ್ಕೀಟ್ ಮರ. ನಮ್ಮ ಹಿತ್ತಲಿನಲ್ಲಿ ಬೇಸಿಗೆಯೆಲ್ಲಾ ಇರುವುದು ಬರ್ಮುಡಾ ಹುಲ್ಲೇ. ಬೇಲಿಯಾಚೆ ಮೆಸ್ಕೀಟ್. ಪಾಪ, ಅವಳಿಗೆ ಅತಿ ಇಷ್ಟದ ಜಾಗವೇ ಆ ಹುಲ್ಲು.

ಈಗ ಅವೆರಡರ ಸಾರದಿಂದಲೇ ಮಾಡಿದ ಹನಿಗಳನ್ನು ದಿನಾ ಬಾಯೊಳಗೆ ಹಾಕುತ್ತೇವೆ. ದೇಹಕ್ಕೆ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸುವುದು. ಎಲ್ಲಾ ನಾಯಿಗಳಿಗೂ ಹಿಡಿಯುವುದಿಲ್ಲ, ಹಿಡಿಯಿತೋ ಇಲ್ಲವೋ ಹೇಳಲು ಒಂದು ವರ್ಷ ಬೇಕು ಅಂತ ಮೊದಲೇ ಹೇಳಿದ್ದಾರೆ. ಅಲ್ಲಿಯ ತನಕ ಆರು ವಾರಕ್ಕೊಮ್ಮೆ ಸೈಟೊಪಾಯಿಂಟ್. ಹುಲ್ಲಿನಿಂದ ಬಂದ ಮೇಲೆ ಪಾದ, ಹೊಟ್ಟೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಹೊರಗೆ ಹೋಗುವಾಗ ತೆಳ್ಳನೆ ಹತ್ತಿ ಬನಿಯನ್. ಬನಿಯನ್ ಬಿಸಿಲಿಗೂ ಆಗುತ್ತದೆ. ಈ ನಾಯಿಗಳಿಗೆ ಬಿಸಿಲಿನಿಂದ ಚರ್ಮ ಸುಡುವುದಷ್ಟೇ ಅಲ್ಲ, ವರ್ಷಗಟ್ಟಲೆ ಬಿಸಿಲು ತಿಂದರೆ ಕ್ಯಾನ್ಸರ್ ಕೂಡ ಆಗಬಹುದು, ಅದರಲ್ಲೂ ತೆಳು ಬಣ್ಣದ ಮಚ್ಚೆಗಳಿರುವ ಕಡೆ. ಮನುಷ್ಯರು ಹಚ್ಚಿಕೊಳ್ಳುವ ಸನ್‌ಸ್ಕ್ರೀನ್ ನಾಯಿಗೆ ಹಚ್ಚಬೇಡಿ. ಜಿಂಕ್ ಆಕ್ಸೈಡ್ ಇದ್ದರೆ ನೆಕ್ಕಿ ಹೊಟ್ಟೆಗೆ ಹೋಗಿ ವಿಷವಾಗುತ್ತದೆ. ಟೀ ಟ್ರೀ ಎಣ್ಣೆಯೂ ಬೇಡವೇ ಬೇಡ.

ಇನ್ನು ಕಳೆದ ಒಂದು ಸ್ಟಾರ್. ಮೊದಲ ದಿನದ ಬಿಲ್ಲು 640 ಡಾಲರ್. ಬರೀ ಭೇಟಿಗೆ 280 ಅಂತ ಫೋನಿನಲ್ಲಿ ಹೇಳಿದ್ದರು, ಪರೀಕ್ಷೆಗಳಿಗೆ ಎಷ್ಟಾಗಬಹುದು ಅಂತ ಹೇಳಲೇ ಇಲ್ಲ. ಮಾಡಬೇಡಿ ಅಂತ ನಾನು ಅನ್ನುತ್ತಿರಲಿಲ್ಲ, ಆದರೆ ಮುಂಚೆ ತಿಳಿಸಬೇಕಿತ್ತು. ಹತ್ತು ತಿಂಗಳಿಗೆ ಎಲ್ಲಾ ಸೇರಿ ಮೂರು ಸಾವಿರ ಡಾಲರ್ ದಾಟಿದೆ. ಇನ್ಶೂರೆನ್ಸ್ ಇಲ್ಲದಿದ್ದರೆ ಇದು ಸಣ್ಣ ಮಾತಲ್ಲ. ಅವರ ಕೌಂಟರಿನಲ್ಲಿ 38 ಡಾಲರ್ ಕೊಟ್ಟು ತಂದ ನೊರೆಯ ಬಾಟಲಿ ಹೊರಗೆ 24ಕ್ಕೆ ಸಿಕ್ಕಿತು. ಫೋನ್ ಮಾಡಿದರೆ ಇಪ್ಪತ್ತು ನಿಮಿಷ ಕಾಯಿಸುತ್ತಾರೆ. ಎರಡನೇ ಭೇಟಿಗೆ ಬೇರೆ ಡಾಕ್ಟರ್ ಬಂದು ಮೊದಲಿನಿಂದ ಅದೇ ಪ್ರಶ್ನೆ ಕೇಳಿದರು, ಫೈಲ್ ಓದಿ ಬಂದಿರಲಿಲ್ಲ. ಕಲ್ಚರ್ ರಿಪೋರ್ಟ್ ಪ್ರತಿಗೆ ಮೂರು ಸಲ ಕೇಳಬೇಕಾಯಿತು.

ಇಷ್ಟಾದರೂ ಅಲ್ಲಿಗೇ ಹೋಗುತ್ತೇನೆ. ಸ್ಪೆಷಲಿಸ್ಟ್ ಸಿಗದಿದ್ದರೆ ನಿಮ್ಮ ಮಾಮೂಲಿ ಡಾಕ್ಟರಿಗೇ ಕೇಳಿ, ಟೇಪ್ ಒತ್ತಿ ನೋಡುವುದು, ಚರ್ಮ ಕೆರೆದು ನೋಡುವುದು ಮೈಕ್ರೋಸ್ಕೋಪ್ ಇರುವ ಯಾವ ಕ್ಲಿನಿಕ್‌ನಲ್ಲೂ ಆಗುವ ಕೆಲಸ, ನಮಗೆ ಅವೆರಡಕ್ಕೆ ಸೇರಿ ಬಿದ್ದದ್ದು 95 ಡಾಲರ್. ಹೋಗುವ ಮೊದಲು ಎರಡು ಮೂರು ದಿನ ಸ್ನಾನ ಮಾಡಿಸಬೇಡಿ, ಮೈಗೆ ಏನೂ ಹಚ್ಚಬೇಡಿ, ತೊಳೆದುಬಿಟ್ಟರೆ ಟೇಪ್‌ಗೆ ಸಿಗಬೇಕಾದ್ದು ಸಿಗುವುದಿಲ್ಲ. ಗುಳ್ಳೆ ಬಂದ ದಿನದಿಂದ ಫೋಟೋ ತೆಗೆದಿಡಿ. ಕೊಟ್ಟ ಪ್ರತಿ ಔಷಧಿಯ ಹೆಸರು, ತಾರೀಖು ಬರೆದುಕೊಂಡು ಹೋಗಿ. ಮನೆಮದ್ದು ಹಚ್ಚಿದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ.